ಸೂರ್ಯನಿಗೆ ಬೆನ್ನು ಹಾಕಿ ಕೂರುವವನು

ಹಾರ್ಲನ್‌ವಿಲ್, ಜಾರ್ಜಿಯಾ
18 ಏಪ್ರಿಲ್ 1954

ವರ್ನಿ ಅಕ್ಕಾ,

ಬಂದು ಒಂಬತ್ತು ದಿನವಾದರೂ ಒಂದು ಸಾಲು ಬರೆಯಲಿಲ್ಲ ಎಂದು ನೀನು ಅಪ್ಪನ ಮುಂದೆ ನನ್ನ ಚರ್ಮ ಸುಲಿಯುತ್ತಿರುತ್ತೀಯ, ಗೊತ್ತು. ಇಗೋ ಬರೆದೆ, ಸುಲಿದದ್ದು ಸಾಕು.

ತಂಡದವರೆಲ್ಲ ಪೇಟೆ ಬೀದಿಯ ಹೋಟೆಲಿನಲ್ಲಿದ್ದಾರೆ. ಆ ಮೆಟ್ಟಿಲು ನನ್ನಂಥವರಿಗಲ್ಲ. ನನಗೆ ರೈಲುಹಳಿಯ ಈಚೆ, ನಮ್ಮವರ ಕೇರಿಯಲ್ಲಿ, ಮಿಸೆಸ್ ಇಸೊಲಾ ಟಿಬ್ಸ್ ಎಂಬಾಕೆಯ ಮಹಡಿಯಲ್ಲಿ ಕೋಣೆ ಸಿಕ್ಕಿದೆ. ಕೆಳಗೆ ಆಕೆಯ ಶವಸಂಸ್ಕಾರದ ಅಂಗಡಿ. ಕೆಳಗೆ ಹೆಣಗಳು, ಮೇಲೆ ನಾನು. ಇಷ್ಟು ಗಲಾಟೆಯಿಲ್ಲದ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಮಲಗಿದವನಲ್ಲ.

ಈ ಬೇಸ್‌ಬಾಲ್ ತಂಡ ಹುಟ್ಟಿ ಮೂವತ್ತು ವರ್ಷವಾಯಿತಂತೆ. ಅದರ ಅಂಗಿ ತೊಟ್ಟ ಮೊದಲ ಕರಿಯ ನಾನು. ಮ್ಯಾನೇಜರ್ ಮಿಸ್ಟರ್ ಹಾಲ್ಕಂಬ್ ಕೈ ಕುಲುಕಲಿಲ್ಲ, ತಲೆ ಆಡಿಸಿದರು. ಪಂದ್ಯ ಶುರುವಾಗಿದೆ, ದಿನವೂ ಆಡುತ್ತಿದ್ದೇನೆ. ಅಪ್ಪನ ಕ್ಯಾಚರ್ ಗ್ಲೌಸಿಗೆ ಎಣ್ಣೆ ಹಚ್ಚಿ ಇಟ್ಟಿದ್ದೇನೆಂದು ಅವನಿಗೆ ಹೇಳು. ಈಸ್ಟರ್ ದಿನ ಅಮ್ಮನ ಕೈಯ ಹ್ಯಾಮ್ ನೆನೆದು ಬಾಯಲ್ಲಿ ನೀರು ಬಂತು.

ನಿನ್ನ ತಮ್ಮ,
ಅಲೊಂಜೊ


ಬೆಸೆಮರ್, ಅಲಬಾಮಾ
2 ಮೇ 1954

ಅಲೊಂಜೊ,

ನಿನ್ನ ಕಾಗದವನ್ನು ಅಪ್ಪನಿಗೆ ಮೂರು ಸಲ ಓದಿದೆ. ಗ್ಲೌಸಿನ ಮಾತು ಬಂದಾಗ ತನ್ನ ಬಲಗೈ ಎತ್ತಿ ನೋಡಿಕೊಂಡ. ಹತ್ತೊಂಬತ್ತು ವರ್ಷ ಗಣಿಯ ತಂಡಕ್ಕೆ ಕ್ಯಾಚರ್ ಆಗಿ ಸೊಟ್ಟಗಾದ ಆ ಬೆರಳುಗಳನ್ನು ನೋಡಿ, "ಇವು ದಂಡಕ್ಕೆ ಮುರೀಲಿಲ್ಲ ಬಿಡು" ಅಂದ. ಅಪ್ಪನ ಬಾಯಲ್ಲಿ ಇಷ್ಟು ಉದ್ದದ ಮಾತು ಬಂದದ್ದು ನಿನಗೇ ಗೊತ್ತಿರುವ ಹಾಗೆ ಅಪರೂಪ.

ನಾನಂತೂ ಚರ್ಚಿನಲ್ಲಿ ಎದ್ದು ನಿಂತು ಎಲ್ಲರಿಗೂ ಹೇಳಿಬಿಟ್ಟೆ. ನಮ್ಮೂರ ಪಕ್ಕದ ದೊಡ್ಡ ಪಟ್ಟಣದಲ್ಲಿ ಬಿಳಿಯರೂ ನಾವೂ ಎದುರುಬದುರು ಕೂತು ಚೆಕರ್ಸ್ ಕಾಯಿ ನಡೆಸಿದರೂ ಕಾನೂನಿಗೆ ತಪ್ಪು. ಅಲ್ಲಿ ನೋಡಿದರೆ ಬಿಳಿಯ ಪಿಚರ್ ಒಬ್ಬ ನನ್ನ ತಮ್ಮನ ಬೆರಳಿನ ಸನ್ನೆ ನೋಡಿ, ಸರಿ ಎಂದು ತಲೆಯಾಡಿಸಿ, ಅವನು ಹೇಳಿದ ಚೆಂಡನ್ನೇ ಎಸೆಯುತ್ತಾನೆ! ಮೈದಾನದಲ್ಲಿ ಎಂಟು ಜನ ಒಂದು ಕಡೆ ಮುಖ ಮಾಡಿ ನಿಂತಿರುತ್ತಾರೆ, ಅವರಿಗೆ ಎದುರಾಗಿ, ಬ್ಯಾಟು ಹಿಡಿದವನು ನಿಲ್ಲುವ ಪ್ಲೇಟಿನ ಹಿಂದೆ ಕೂತು ಆಟ ನಡೆಸುವವನು ಕ್ಯಾಚರ್. ಅದನ್ನು ನೆನೆದರೆ ನಾನು ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಹಾಗೇ ಹಿಡಿದು ನಿಂತುಬಿಡುತ್ತೇನೆ. ನಿನ್ನೆ ಒಬ್ಬ ಡಾಕ್ಟರರ ಅಂಗಿ ಸುಟ್ಟಿತು.

ಬ್ಯಾಟು ಹಿಡಿದವನ ಕೈ ನೋಡಬೇಡ, ಪಾದ ನೋಡು. ಕೈ ಸುಳ್ಳು ಹೇಳುತ್ತದೆ. ಹದಿನಾಲ್ಕು ವರ್ಷ ಆಟದ ಲೆಕ್ಕ ಬರೆದ ಪುಸ್ತಕಗಳಲ್ಲಿ ನಾನು ಕಲಿತದ್ದು ಇದೊಂದೇ, ನಿನಗೆ ಕಲಿಸಿದ್ದೂ ಇದನ್ನೇ. ನಮ್ಮ ಗಣಿಯ ತಂಡ ಎಂದಿನಂತೆ ನಡೆಯುತ್ತಿದೆ. ಯಾರು ಪಿಚರ್, ಯಾರ ಚೆಂಡು ಹೇಗೆ, ಎಲ್ಲ ಬರೆ.

ವರ್ನೆಟ್ಟಾ


ಹಾರ್ಲನ್‌ವಿಲ್
16 ಮೇ 1954

ಅಕ್ಕಾ,

ಚರ್ಚಿನಲ್ಲಿ ಹೇಳುವ ಅಗತ್ಯವೇನಿತ್ತು? ನಿನಗೆ ಬಾಯಿ ಹೊಲಿದುಕೊಳ್ಳಲು ಯಾರೂ ಕಲಿಸಲಿಲ್ಲ.

ಪಿಚರುಗಳು ಐದು ಜನ. ವೆಂಡೆಲ್ ಸ್ಟ್ರೌಡ್ ಎಂಬ ಅರ್ಕಾನ್ಸಾದ ರೈತರ ಹುಡುಗನ ತೋಳು ಎಲ್ಲರಿಗಿಂತ ಗಟ್ಟಿ. ಎದುರಾಳಿಗಳು ಯಾಕೋ ಅವನ ಬಾಗುವ ಚೆಂಡನ್ನು ಮಾತ್ರ ಮನೆಯ ಅಡುಗೆಯಂತೆ ತಿಂದುಹಾಕುತ್ತಾರೆ.

ನಿನ್ನೆ ನನ್ನಿಂದಲೇ ಒಂದು ಎಡವಟ್ಟಾಯಿತು. ಇಲ್ಲಿಯ ಮೈದಾನದಲ್ಲಿ ದೀಪವಿಲ್ಲ, ಶನಿವಾರದ ಆಟ ಮೂರಕ್ಕೆ ಶುರು. ಐದು ಗಂಟೆಯ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಟೋಪಿಯ ಅಂಚನ್ನು ಮೂಗಿನವರೆಗೆ ಎಳೆದುಕೊಂಡರೂ ಚೆಂಡು ಕಾಣಲಿಲ್ಲ, ಕೈಜಾರಿತು. ಜನ ಬೈದರು. ನಮ್ಮವರು ಕೂರುವ ಬೆಂಚುಗಳಿಂದ ಮಿಸೆಸ್ ಟಿಬ್ಸ್ ಎದ್ದು, "ಸೂರ್ಯನ್ನೇ ಹಿಡಿ ಅಂತೀರೇನ್ರೋ ಆ ಮಗೂಗೆ?" ಎಂದು ಕೂಗಿದರಂತೆ. ಗೆದ್ದೆವು, ಅಷ್ಟು ಸಾಕು. ಊಟ ನಿದ್ದೆಗೆ ಕೊರತೆಯಿಲ್ಲ.

ಅಲೊಂಜೊ


ಬೆಸೆಮರ್
23 ಮೇ 1954

ಅಲೊಂಜೊ ಪೆಟ್ಟವೇ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡೆ.

ಈ ದೇಶದಲ್ಲಿ ಬೇಸ್‌ಬಾಲ್ ಮೈದಾನ ಅಳೆಯುವವನು ಮೊದಲು ನೋಡುವುದೇ ಸಂಜೆಯ ಸೂರ್ಯ ಎಲ್ಲಿಳಿಯುತ್ತಾನೆ ಎಂದು. ಬ್ಯಾಟ್ ಹಿಡಿದವನ ಕಣ್ಣಿಗೆ ಬಿಸಿಲು ಬೀಳಬಾರದು. ಅವನ ಹಿಂದೆ ಕೂರುವ ಕ್ಯಾಚರ್ ಸಂಜೆಯೆಲ್ಲ ಸೂರ್ಯನಿಗೆ ಬೆನ್ನು ಹಾಕಿಯೇ ಕೂರುತ್ತಾನೆ. ಬಿಸಿಲು ತಿನ್ನುವವನು ದೂರದ ಬಲಮೂಲೆಯಲ್ಲಿ, ರೈಟ್ ಫೀಲ್ಡಿನಲ್ಲಿ ನಿಂತವನು. ಇನ್ನು ಆ ಟೋಪಿ. ಮುಖವಾಡ ಹಾಕಿಕೊಳ್ಳುವ ಕ್ಯಾಚರ್ ಟೋಪಿಯ ಅಂಚನ್ನು ಬೆನ್ನಿಗೆ ತಿರುಗಿಸಿರುತ್ತಾನೆ. ನಿನ್ನ ಮೂಗು ಯಾವಾಗ ಬೆನ್ನಿಗೆ ಹೋಯಿತು?

ನನ್ನ ಪುಸ್ತಕದಲ್ಲಿ ಪ್ರತಿ ಜಾಗಕ್ಕೂ ಒಂದು ಸಂಖ್ಯೆ. ಕ್ಯಾಚರ್ ಎರಡು, ರೈಟ್ ಫೀಲ್ಡ್ ಒಂಬತ್ತು. ಎರಡನ್ನು ಹೊತ್ತುಕೊಂಡು ಹೋದವನನ್ನು ಒಂಬತ್ತಕ್ಕೆ ನಿಲ್ಲಿಸಿದವರು ಯಾರು? ನೀನು ಯಾಕೆ ಸುಮ್ಮನಿದ್ದೆ? ಅದಕ್ಕಿಂತ, ನನಗೆ ಯಾಕೆ ಹೇಳಲಿಲ್ಲ? ತುಂಬಾ ನೋವಾಗಿದೆ.

ಕಳೆದ ವಾರ ದೊಡ್ಡ ಕೋರ್ಟು ಕರಿ ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ತಪ್ಪು ಎಂದು ತೀರ್ಪು ಕೊಟ್ಟಿತು. ಪಾದ್ರಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಜೇನು ನೆಕ್ಕುತ್ತಿದ್ದಾರೆ. ಊರೆಲ್ಲ ಹಬ್ಬ, ನಾನೊಬ್ಬಳು ನಿನ್ನ ಟೋಪಿಯ ಅಂಚನ್ನೇ ನೆನೆಯುತ್ತಾ ಕೂತಿದ್ದೆ. ಅಪ್ಪನಿಗೆ ಹೇಳಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆ.

ವರ್ನೆಟ್ಟಾ


ಹಾರ್ಲನ್‌ವಿಲ್
5 ಜೂನ್ 1954

ಅಕ್ಕಾ,

ತಪ್ಪಾಯಿತು. ನಿನ್ನ ಕಾಗದ ನಾಲ್ಕು ದಿನ ಜೇಬಿನಲ್ಲೇ ಇತ್ತು.

ಮೊದಲ ದಿನವೇ ನಾನು ಅಪ್ಪನ ಗ್ಲೌಸ್ ತೊಟ್ಟು ಹೋದೆ. ಮಿಸ್ಟರ್ ಹಾಲ್ಕಂಬ್ ಅದನ್ನು ನೋಡಿ ನಕ್ಕರು. ಕೆಟ್ಟ ನಗುವಲ್ಲ, ಅದೇ ಹೆಚ್ಚು ಚುಚ್ಚಿತು. "ನೋಡು ಹುಡುಗಾ, ನಿಮ್ಮೋರು ಓಡೋದ್ರಲ್ಲಿ ಗಟ್ಟಿಗರು. ಬಯಲಲ್ಲಿ ನಿಂತ್ಕೊ. ಪ್ಲೇಟ್ ಹಿಂದೆ ಕೂರೋನು ತಲೆ ಓಡಿಸ್ಬೇಕಾಗ್ತದೆ" ಅಂದರು. "ಅದೇ ನನ್ನ ಕೆಲಸ ಸಾರ್" ಅಂದೆ. "ನನ್ನ ಪಿಚರುಗಳು ನಿನ್ನ ಬೆರಳು ನೋಡ್ಕೊಂಡು ಎಸೀತಾರೆ ಅನ್ಕೊಂಡಿದ್ಯಾ?" ಅಂದರು. ಗ್ಲೌಸನ್ನು ಟ್ರಂಕಿನಲ್ಲಿಟ್ಟೆ. ಎಣ್ಣೆ ಹಚ್ಚಿದ್ದು ಮಾತ್ರ ಸುಳ್ಳಲ್ಲ.

ನಾನು ಓಡುವ ಚೆಂದ ನಿನಗೆ ಗೊತ್ತು. ಗಬ್ಬದ ಹಸು ನನ್ನನ್ನು ದಾಟಿ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ನಡೆಯುವ ಕೊನೆಯ ಆಟಕ್ಕೆ, ನಮ್ಮ ತಂಡವನ್ನು ಸಾಕುವ ದೊಡ್ಡ ತಂಡದಿಂದ ಒಬ್ಬರು ಬರುತ್ತಾರೆ. ಯಾರನ್ನು ಮೇಲಕ್ಕೆ ಕರೆಯುವುದು, ಯಾರನ್ನು ಮನೆಗೆ ಅಟ್ಟುವುದು ಎಂದು ಅವರೇ ಬರೆದುಕೊಂಡು ಹೋಗುತ್ತಾರೆ. ಈ ಕಾಲುಗಳನ್ನು ಬಯಲಲ್ಲಿ ನೋಡಿದರೆ ಅವರು ಪೆನ್ಸಿಲನ್ನೂ ಹೊರತೆಗೆಯುವುದಿಲ್ಲ. ಅಷ್ಟರೊಳಗೆ ನಾನು ಪ್ಲೇಟಿನ ಹಿಂದೆ ಕೂರಬೇಕು, ಇಲ್ಲದಿದ್ದರೆ ಬೆಸೆಮರಿನ ಗಣಿಯೇ ಗತಿ.

ತಮಾಷೆ ಏನು ಗೊತ್ತೇ? ಆಟಕ್ಕೆ ಮೊದಲು ಪಿಚರುಗಳ ತೋಳು ಬಿಸಿ ಮಾಡಿಸಲು ನಾನೇ ಬೇಕು. ಆಗ ಯಾರಿಗೂ ನನ್ನ ಬಣ್ಣ ಕಾಣುವುದಿಲ್ಲ. ಹಾಗೆ ವೆಂಡೆಲನ ಚೆಂಡು ಹಿಡಿಯುತ್ತಾ ಒಂದು ವಿಷಯ ಕಂಡುಹಿಡಿದೆ. ಬಾಗುವ ಚೆಂಡು ಎಸೆಯುವ ಮುಂಚೆ ಅವನು ಬಾಯಲ್ಲಿರುವ ಹೊಗೆಸೊಪ್ಪಿನ ಉಂಡೆಯನ್ನು ಎಡಗೆನ್ನೆಗೆ ತಳ್ಳುತ್ತಾನೆ. ಕೆನ್ನೆ ಹಲ್ಲುನೋವಿನವನಂತೆ ಉಬ್ಬುತ್ತದೆ. ನೇರ ಚೆಂಡಿಗೆ ಹಾಗಾಗುವುದಿಲ್ಲ. ಕಾರ್ವರ್ ಸಿಟಿ ತಂಡದವರಿಗೆ ಇದು ಗೊತ್ತಾಗಿದೆ, ಅದಕ್ಕೇ ಹಾಗೆ ಬಾರಿಸುತ್ತಾರೆ.

ವೆಂಡೆಲ್ ಕೆಟ್ಟವನಲ್ಲ. ಪ್ರಯಾಣದಲ್ಲಿ ತಂಡ ಹೋಟೆಲಿನ ಒಳಗೆ ಕೂತು ಒಣ ಬ್ರೆಡ್ಡು ಅಗಿಯುತ್ತದೆ, ನಾನು ಹಿಂಬಾಗಿಲ ಮೆಟ್ಟಿಲಲ್ಲಿ ಕೂರುತ್ತೇನೆ. ಅಡುಗೆಮನೆಯಲ್ಲಿರುವುದೆಲ್ಲ ನಮ್ಮ ಹೆಂಗಸರು. ಬಾಣಲೆಯಿಂದ ಇಳಿದ ಹಂದಿ ಚಾಪ್ಸ್ ಮೊದಲು ನನ್ನ ತಟ್ಟೆಗೇ. ಒಂದು ದಿನ ವಾಸನೆ ಹಿಡಿದು ವೆಂಡೆಲ್ ಹಿತ್ತಲಿಗೆ ಬಂದ. ಅಡುಗೆಯಾಕೆ ಸೊಂಟದ ಮೇಲೆ ಕೈಯಿಟ್ಟು, "ನೀನು ಮುಂಬಾಗಿಲಿನೋನಲ್ವಾ ಸ್ವಾಮೀ, ಇಲ್ಲೇನ್ ಕೆಲಸ?" ಅಂದಳು. ಅವನು, "ಮುಂದುಗಡೆ ಬರೀ ಮೇಜುಬಟ್ಟೆ ಚೆನ್ನಾಗಿದೆಯಮ್ಮಾ" ಅಂದ. ಅಂದಿನಿಂದ ಮೆಟ್ಟಿಲಲ್ಲಿ ಇಬ್ಬರು.

ಆದರೂ ಕೆನ್ನೆಯ ವಿಷಯ ಹೇಳಲು ಧೈರ್ಯ ಬರುತ್ತಿಲ್ಲ. ಬಿಳಿಯ ಪಿಚರಿಗೆ ತಪ್ಪು ತೋರಿಸಿದ ಕರಿಯ ಎಷ್ಟು ದಿನ ಇಲ್ಲಿ ಉಳಿದಾನು? ನುಂಗಲೂ ಆಗದು, ಉಗುಳಲೂ ಆಗದು. ಏನು ಮಾಡಲಿ?

ಅಲೊಂಜೊ


ಬೆಸೆಮರ್
13 ಜೂನ್ 1954

ತಮ್ಮಾ,

ಈಗ ನನ್ನ ತಮ್ಮ ಬರೆದ ಕಾಗದದಂತಿದೆ. ನಿನ್ನ ಮೇಲಿನ ಸಿಟ್ಟು ಇಳಿಯಿತು, ಆ ಹಾಲ್ಕಂಬನ ಮೇಲಿನದು ಇಳಿಯುವುದಿಲ್ಲ.

ಬುದ್ಧಿ ಹೇಳಬೇಡ. ಬುದ್ಧಿ ಹೇಳಿದರೆ ಯಾರ ಕಿವಿಯೂ ಮುಚ್ಚಿಕೊಳ್ಳುತ್ತದೆ. ಬಾಜಿ ಕಟ್ಟು. ಒಂದು ಚಾಪ್ಸ್ ಪಣಕ್ಕಿಟ್ಟು, "ನೀನು ಹತ್ತು ಚೆಂಡು ಎಸಿ, ಕೈಯಿಂದ ಬಿಡೋ ಮೊದಲೇ ಯಾವುದು ಅಂತ ಹೇಳ್ತೀನಿ" ಅನ್ನು. ಹತ್ತಕ್ಕೆ ಹತ್ತು ಹೇಳಿ ಸುಮ್ಮನೆ ಮೂಳೆ ಚೀಪುತ್ತಾ ಕೂರು. ಹೇಗೆ ಗೊತ್ತಾಯಿತು ಎಂದು ಅವನೇ ಕೇಳಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇಲ್ಲಿ ಕಳೆದ ಭಾನುವಾರ ಪೈಪು ಕಾರ್ಖಾನೆಯವರ ಮೇಲೆ ಗೆದ್ದೆವು. ಏಳನೆಯ ಸರದಿಯಲ್ಲಿ ಪಾದ್ರಿಗಳ ನಾಯಿ ಡೀಕನ್ ಒಳಗೆ ನುಗ್ಗಿ ಚೆಂಡು ಕಚ್ಚಿಕೊಂಡು ಓಡಿತು. ಅಂಪೈರ್ ಎರಡು ಬೇಸ್ ಕೊಟ್ಟರು. ಜನ ನಕ್ಕು ನಕ್ಕು ಬೆಂಚಿನಿಂದ ಬಿದ್ದರು. ನೀನಿರಬೇಕಿತ್ತು.

ವರ್ನಿ


ಹಾರ್ಲನ್‌ವಿಲ್
11 ಜುಲೈ 1954

ಅಕ್ಕಾ,

ಹತ್ತಕ್ಕೆ ಹತ್ತು!

ವೆಂಡೆಲನ ಮುಖದಲ್ಲಿ ರಕ್ತವಿರಲಿಲ್ಲ. "ಲೋ ಪೆಟ್ಟವೇ, ಮಾಟ ಗೀಟ ಮಾಡ್ತೀಯೇನೋ?" ಅಂದ. ನಾನು ಮೂಳೆ ಚೀಪುತ್ತಾ ಕೂತೆ. ಎರಡು ದಿನ ನನ್ನ ಬೆನ್ನು ಬಿಡಲಿಲ್ಲ. ಕೊನೆಗೆ ನನ್ನ ಕೆನ್ನೆಯೊಳಗೆ ನಾಲಿಗೆ ತಳ್ಳಿ ತೋರಿಸಿದೆ. ಅವನು ಹೊಗೆಸೊಪ್ಪನ್ನು ಉಗಿದು, "ಮೂರು ತಿಂಗಳಿಂದ ನನ್ನ ಗುಟ್ಟು ನನ್ನ ಮುಖದ ಮೇಲೇ ಇತ್ತಾ? ನಮ್ಮೋರು ಒಬ್ಬರೂ ನೋಡ್ಲಿಲ್ವಲ್ಲೋ" ಅಂದ. ಅಂದೇ ಹೋಗಿ, ನನ್ನ ಚೆಂಡನ್ನು ಪೆಟ್ಟವೇನೇ ಹಿಡೀಲಿ ಎಂದು ಮ್ಯಾನೇಜರನ್ನು ಕೇಳಿದ. "ನಿಂಗೆ ಬಿಸ್ಲು ಹೊಡ್ದಿದೆ, ಹೋಗಿ ನೀರ್ ಕುಡಿ" ಎಂದರಂತೆ. ಆದರೂ ಕೇಳಿದನಲ್ಲ ಅಕ್ಕಾ. ಒಬ್ಬ ಕೇಳಿದ.

ಈಗ ನಿನ್ನ ಸರದಿ. ಡೀಕನ್ ನಾಯಿ ಚೆಂಡು ಕಚ್ಚಿಕೊಂಡು ಹೋಯಿತು ಎಂದು ಬರೆದೆಯಲ್ಲ, ಆ ನಾಯಿ ಸತ್ತು ಮೂರು ವರ್ಷವಾಯಿತು. ಅದನ್ನು ಹೂಳಲು ಗುಂಡಿ ತೋಡಿದವನು ನಾನೇ. ಆ ಆಟ ಸಾವಿರದ ಒಂಬೈನೂರ ಐವತ್ತರ ಜೂನಿನದು, ಅದರಲ್ಲಿ ಕ್ಯಾಚರ್ ಆಗಿದ್ದವನೂ ನಾನೇ. ಹಳೆಯ ಪುಸ್ತಕ ತೆಗೆದು ಹೊಸ ಸುದ್ದಿ ಬರೆಯುವ ಕರ್ಮ ನಿನಗೇಕೆ ಬಂತು? ತಂಡಕ್ಕೆ ಏನಾಗಿದೆ?

ಅಲೊಂಜೊ


ಬೆಸೆಮರ್
18 ಜುಲೈ 1954

ಅಲೊಂಜೊ,

ಹಾಳು ನಾಯಿ. ಬದುಕಿದ್ದಾಗಲೂ ಕಾಟ, ಸತ್ತ ಮೇಲೂ ಕಾಟ.

ತಂಡ ಇಲ್ಲ. ಈಸ್ಟರ್ ಮರುದಿನವೇ ಮುಚ್ಚಿತು. ಗಣಿಯವರು ಬಸ್ಸೂ ಅಂಗಿಯೂ ಕೊಡುವುದಿಲ್ಲ ಎಂದರು. ಜನವೇ ಬಾರದ ಆಟಕ್ಕೆ ಯಾಕೆ ಕೊಡಬೇಕು? ಈಗ ಭಾನುವಾರ ಎಲ್ಲರೂ ರೇಡಿಯೋ ಸುತ್ತ ಕೂತು, ದೊಡ್ಡ ತಂಡಗಳಿಗೆ ಹೋದ ನಮ್ಮ ಒಬ್ಬಿಬ್ಬರ ಹೆಸರು ಬರುತ್ತದೆಯೇ ಎಂದು ಕಿವಿಯಾನಿಸುತ್ತಾರೆ. ತಪ್ಪೆನ್ನಲಾರೆ, ನಾನೂ ಅದನ್ನೇ ಬೇಡಿಕೊಂಡವಳು. ಬಾಗಿಲು ತೆರೆಯಿತು, ಆದರೆ ಒಬ್ಬೊಬ್ಬರೇ ಓರೆಯಾಗಿ ನುಸುಳುವಷ್ಟು. ಒಳಗೆ ಹೋಗಲಾಗದವರಿಗೆ ಇದ್ದ ಅಂಗಳವೂ ಹೋಯಿತು. ನಮ್ಮ ತಂಡದಲ್ಲಿದ್ದ ಲೂಶಿಯಸ್ ಈಗ ಲಾರಿ ಓಡಿಸುತ್ತಾನೆ. ಮೈದಾನದಲ್ಲಿ ಸೊಂಟದೆತ್ತರ ಹುಲ್ಲು.

ಭಾನುವಾರ ಮೂರು ಗಂಟೆಗೆ ನಾನು ಈಗಲೂ ಪೆನ್ಸಿಲ್ ಚೂಪು ಮಾಡುತ್ತೇನೆ. ಆಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ಹೊಸ ಪುಸ್ತಕ ಒಂದು ಖಾಲಿಯೇ ಇದೆ. ನಿನಗೆ ಹೇಳಿದ್ದರೆ ಅಲ್ಲಿ ನಿನ್ನ ಆಟ ಕೆಡುತ್ತಿತ್ತು, ಅದಕ್ಕೆ ಮುಚ್ಚಿಟ್ಟೆ.

ನೀನು ರೈಟ್ ಫೀಲ್ಡನ್ನು ಬಚ್ಚಿಟ್ಟೆ, ನಾನು ಇಡೀ ಮೈದಾನವನ್ನೇ ಬಚ್ಚಿಟ್ಟೆ. ಲೆಕ್ಕ ಸರಿಹೋಯಿತು. ಇನ್ನು ನಿನಗೆ ಇಲ್ಲಿ ಮರಳಿ ಬಂದು ಆಡಲು ತಂಡವಿಲ್ಲ, ಅದನ್ನು ತಲೆಯಲ್ಲಿಟ್ಟುಕೊಂಡು ಆಡು.

ವರ್ನಿ


ಹಾರ್ಲನ್‌ವಿಲ್
24 ಆಗಸ್ಟ್ 1954

ಅಕ್ಕಾ,

ನಿನ್ನ ಕಾಗದ ಓದಿ ಮಿಸೆಸ್ ಟಿಬ್ಸ್ ಅವರ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. ಆಕೆ ಏನೂ ಕೇಳದೆ ಒಂದು ತಟ್ಟೆ ಪೀಚ್ ಹಣ್ಣಿನ ಸಿಹಿ ಮುಂದಿಟ್ಟರು. ಸಾವಿನ ಮನೆಯವರನ್ನು ದಿನವೂ ಕಾಣುವ ಹೆಂಗಸು, ಅಳುವವರನ್ನು ನೋಡಿಕೊಳ್ಳುವುದು ಆಕೆಗೆ ಗೊತ್ತು.

ಆಮೇಲೆ ಬರೆಯಲು ಸಮಯವಾಗಲಿಲ್ಲ. ಕಾರಣ ಕೇಳು. ಹದಿನಾಲ್ಕನೇ ತಾರೀಕು ನಮ್ಮ ಕ್ಯಾಚರ್ ಲ್ಯಾಸ್ಕಿಯ ಹೆಬ್ಬೆರಳು ಮುರಿಯಿತು. ಹಾಲ್ಕಂಬ್ ಬೆಂಚನ್ನು ಆ ತುದಿಯಿಂದ ಈ ತುದಿಗೆ ನೋಡಿದರು, ಈ ತುದಿಯಿಂದ ಆ ತುದಿಗೆ ನೋಡಿದರು. ಬೇರೆ ಯಾರೂ ಇರಲಿಲ್ಲ. ಟ್ರಂಕಿನಿಂದ ಅಪ್ಪನ ಗ್ಲೌಸ್ ಹೊರಬಂತು!

ಆದರೆ ಪೂರ್ತಿ ಕುಣಿಯಬೇಡ. ಪ್ರತಿ ಚೆಂಡಿಗೂ ಹಾಲ್ಕಂಬ್ ಬೆಂಚಿನಿಂದಲೇ ಸನ್ನೆ ಮಾಡುತ್ತಾರೆ. ಟೋಪಿ ಮುಟ್ಟಿದರೆ ಬಾಗುವ ಚೆಂಡು, ಸೊಂಟಪಟ್ಟಿ ಮುಟ್ಟಿದರೆ ನೇರ ಚೆಂಡು. ಅದನ್ನೇ ನಾನು ಬೆರಳಿನಲ್ಲಿ ಪಿಚರಿಗೆ ದಾಟಿಸಬೇಕು. ಮುಖವಾಡ ಹಾಕಿಕೊಂಡ ಅಂಚೆಯವನು ನಾನು.

ವೆಂಡೆಲ್ ಕೆನ್ನೆ ಉಬ್ಬಿಸುವುದನ್ನು ನಿಲ್ಲಿಸಿದ್ದಾನೆ. ನಾವಿಬ್ಬರೇ ಒಂದು ತುಂಟ ಸನ್ನೆ ಮಾಡಿಕೊಂಡಿದ್ದೇವೆ. ನಾನು ಮುಖವಾಡದ ಎಡಗಡೆ ತಟ್ಟಿದರೆ ಅವನು ಬೇಕೆಂದೇ ಕೆನ್ನೆ ಉಬ್ಬಿಸಿ ನೇರ ಚೆಂಡು ಎಸೆಯುತ್ತಾನೆ. ಅಭ್ಯಾಸದಲ್ಲಿ ಮಾತ್ರ. ಆಟದಲ್ಲಿ ಹೀಗೆ ಮಾಡಿದರೆ ಹಾಲ್ಕಂಬ್ ಅಂದೇ ನನ್ನ ಗಂಟುಮೂಟೆ ಕಟ್ಟಿಸುತ್ತಾರೆ.

ಸೆಪ್ಟೆಂಬರ್ ನಾಲ್ಕು, ಶನಿವಾರ, ಕಾರ್ವರ್ ಸಿಟಿಯ ಮೇಲೆ ಕೊನೆಯ ಆಟ. ದೊಡ್ಡ ತಂಡದವರು ಬರುವುದು ಅಂದೇ. ನೀನು ಬರಬೇಡ. ಇಲ್ಲಿ ನಮ್ಮವರ ಬೆಂಚು ರೈಟ್ ಫೀಲ್ಡಿನ ತುದಿಯಲ್ಲಿ, ನೆರಳಿಲ್ಲ. ನೀನಿದ್ದರೆ ನಾನು ನಿನ್ನ ಕಡೆಯೇ ನೋಡುತ್ತೇನೆ.

ಅಲೊಂಜೊ


ಬೆಸೆಮರ್
29 ಆಗಸ್ಟ್ 1954

ತಮ್ಮಾ,

ಬರುವ ಮಾತೆಲ್ಲಿ? ಲಾಂಡ್ರಿಯಲ್ಲಿ ರಜೆ ಕೊಡುವುದಿಲ್ಲ. ಅಪ್ಪನಿಗೆ ಈಗ ಎಲ್ಲ ಹೇಳಿದೆ, ರೈಟ್ ಫೀಲ್ಡಿನ ಕಥೆಯನ್ನೂ. "ಗ್ಲೌಸ್ ಹೊರಗೆ ಬಂತಲ್ಲ" ಅಂದ. ಮುಖವಾಡದ ಪಟ್ಟಿ ಬಿಗಿಯಾಗಿ ಕಟ್ಟಿಕೋ.

ವರ್ನಿ


ಹಾರ್ಲನ್‌ವಿಲ್
5 ಸೆಪ್ಟೆಂಬರ್ 1954

ಅಕ್ಕಾ, ಅಪ್ಪಾ, ಅಮ್ಮಾ, ಎಲ್ಲರೂ ಕೂತು ಕೇಳಿ.

ಒಂಬತ್ತನೆಯ ಸರದಿ, ಕೊನೆಯದು. ನಾವು ಒಂದೇ ಒಂದು ರನ್ ಮುಂದೆ. ಅವರದು ಎರಡು ಔಟು, ಮೂರು ಬೇಸುಗಳಲ್ಲೂ ಅವರ ಆಳು. ಬ್ಯಾಟ್ ಹಿಡಿದವನು ಕಾರ್ವರ್ ಸಿಟಿಯ ದೈತ್ಯ. ಎರಡು ಸ್ಟ್ರೈಕ್ ಆಗಿದೆ. ಇನ್ನೊಂದು ಬಿದ್ದರೆ ನಾವು ಗೆದ್ದೆವು, ಅವನು ಬಾರಿಸಿದರೆ ನಾವು ಸತ್ತೆವು.

ಹಾಲ್ಕಂಬ್ ಟೋಪಿ ಮುಟ್ಟಿದರು. ಬಾಗುವ ಚೆಂಡು.

ನಾನು ಆ ದೈತ್ಯನ ಪಾದ ನೋಡಿದೆ. ಮುಂಗಾಲನ್ನು ಒಂದು ಗೇಣು ಪ್ಲೇಟಿನ ಹತ್ತಿರಕ್ಕೆ ತಂದಿದ್ದ. ಬಾಗುವ ಚೆಂಡಿಗೇ ಕಾಯುತ್ತಿದ್ದಾನೆ. ಅವನ ಕಣ್ಣು ವೆಂಡೆಲನ ಕೆನ್ನೆಯ ಮೇಲೆ. ಹಾಲ್ಕಂಬ್ ಇನ್ನೊಮ್ಮೆ ಟೋಪಿ ಮುಟ್ಟಿದರು. ಅವರು ಹೇಳಿದ ಹಾಗೆ ಮಾಡಿ ಸೋತರೆ ತಪ್ಪು ಅವರದು. ನನ್ನ ಬುದ್ಧಿಯಂತೆ ಮಾಡಿ ಸೋತರೆ ಇನ್ನು ಇಪ್ಪತ್ತು ವರ್ಷ ಈ ಊರಲ್ಲಿ ನಮ್ಮವನೊಬ್ಬ ಪ್ಲೇಟಿನ ಹಿಂದೆ ಕೂರಲಾರ. ನನಗೆ ಸ್ವಲ್ಪವೂ ಭಯವಾಗಲಿಲ್ಲ. ಮುಖವಾಡದ ಎಡಗಡೆ ತಟ್ಟಿದೆ.

ವೆಂಡೆಲ್ ಒಂದು ಕ್ಷಣ ಬೆಂಚಿನ ಕಡೆ ನೋಡಿದ. ಆಮೇಲೆ ನನ್ನನ್ನು ನೋಡಿ ತಲೆಯಾಡಿಸಿದ. ಐದು ಸಾವಿರ ಜನರ ಮುಂದೆ! ಕೆನ್ನೆ ಉಬ್ಬಿತು. ನೇರ ಚೆಂಡು ಅಪ್ಪನ ಗ್ಲೌಸಿಗೆ ಗುಂಡಿನಂತೆ ಬಂದು ಬಿತ್ತು. ದೈತ್ಯ ಬ್ಯಾಟು ಎತ್ತಿಯೂ ಇರಲಿಲ್ಲ. ಅಂಪೈರ್ ಕೈ ಎತ್ತಿದರು, ಮೂರನೆಯ ಸ್ಟ್ರೈಕ್.

ಹುಲ್ಲಿನ ಟೋಪಿ ಹಾಕಿದ ಆ ದೊಡ್ಡ ತಂಡದ ಮನುಷ್ಯ ಬಟ್ಟೆ ಬದಲಿಸುವ ಕೋಣೆಗೆ ಬಂದು, "ಕೊನೇ ಚೆಂಡು ಹೇಳಿದ್ದು ಯಾರು?" ಎಂದು ಕೇಳಿದರು. ಹಾಲ್ಕಂಬ್ ಪಕ್ಕದಲ್ಲೇ ನಿಂತಿದ್ದರು. ನಾನು "ಮಿಸ್ಟರ್ ಹಾಲ್ಕಂಬ್, ಸಾರ್" ಅಂದೆ. ಹಾಲ್ಕಂಬ್ ಬೂಟಿನ ತುದಿ ನೋಡಿಕೊಂಡು, "ನಾನಲ್ಲ. ನಾನು ಹೇಳಿದ್ದನ್ನ ಎಸೆದಿದ್ರೆ ಸೋತಿರ್ತಿದ್ವಿ. ಅವನೇ ಹೇಳಿದ್ದು. ಪೆಟ್ಟವೇ" ಅಂದರು. ಐದು ತಿಂಗಳಲ್ಲಿ ಅವರು ನನ್ನ ಹೆಸರು ಹೇಳಿದ್ದು ಅದೇ ಮೊದಲು.

ಮುಂದಿನ ಮಾರ್ಚಿಗೆ ಇದಕ್ಕಿಂತ ಮೇಲಿನ ತಂಡಕ್ಕೆ ಹೋಗಬೇಕು. ಕಾಗದದ ಮೇಲೆ ಬರೆದಿದೆ ಅಕ್ಕಾ, ಕ್ಯಾಚರ್ ಎಂದೇ ಬರೆದಿದೆ. ಯಾರು ಕಲಿಸಿದ್ದು ಎಂದು ಕೇಳಿದರು. "ನಮ್ಮಕ್ಕ, ಸಾರ್" ಅಂದೆ. ನಕ್ಕರು. ಹದಿನಾಲ್ಕು ವರ್ಷದ ಪುಸ್ತಕಗಳಿವೆ ಎಂದೆ. ಆಗ ನಗು ನಿಲ್ಲಿಸಿ, ಅವನ್ನು ನಾನು ನೋಡಬಹುದೇ ಎಂದರು. ಏನು ಹೇಳಲಿ?

ನೀನಿರಬೇಕಿತ್ತು. ಬರಬೇಡ ಎಂದು ಬರೆದ ಕೈಯನ್ನು ಕಚ್ಚಿಕೊಳ್ಳುವಂತಾಗಿದೆ.

ನಿನ್ನ ತಮ್ಮ,
ಅಲೊಂಜೊ


ಬೆಸೆಮರ್
8 ಸೆಪ್ಟೆಂಬರ್ 1954

ನನ್ನ ಮುದ್ದು ಸುಳ್ಳುಗಾರಾ,

ಭಯವಾಗಲಿಲ್ಲವಂತೆ! ಆ ಚೆಂಡಿಗೆ ಮುಂಚೆ ನೀನು ಬಲಗೈಯನ್ನು ಪ್ಯಾಂಟಿಗೆ ನಾಲ್ಕು ಸಲ ಒರೆಸಿಕೊಂಡೆ. ನಾನು ಎಣಿಸಿದೆ.

ಹೌದು, ಬಂದಿದ್ದೆ. ಲಾಂಡ್ರಿಯಲ್ಲಿ ಇಲ್ಲದ ಅತ್ತೆಯೊಬ್ಬಳನ್ನು ಸಾಯಿಸಿ ರಜೆ ಪಡೆದೆ. ಬೆಳಗಿನ ಜಾವದ ಬಸ್ಸು ಹಿಡಿದು ಎರಡೂವರೆಗೆ ಮೈದಾನ ಮುಟ್ಟಿದೆ. ನಿನ್ನ ಮಿಸೆಸ್ ಟಿಬ್ಸ್ ಪಕ್ಕದಲ್ಲೇ ಕೂತಿದ್ದೆ, ನಾನು ಯಾರೆಂದು ಹೇಳಲಿಲ್ಲ. "ಅವನು ನನ್ನ ಮಹಡಿ ಹುಡುಗ, ಅನ್ನ ಹಾಕಿ ಬೆಳೆಸಿದ್ದು ನಾನೇ" ಎಂದು ಆಕೆ ಬೆಂಚಿನುದ್ದಕ್ಕೂ ಹೇಳುತ್ತಿದ್ದರು. ಇರಲಿ ಬಿಡು, ಆಕೆಗೂ ಪಾಲಿದೆ. ಹಿಂದಿನ ಸಾಲಿನ ಮುದುಕನೊಬ್ಬ ನನ್ನ ಪುಸ್ತಕದೊಳಗೆ ಇಣುಕಿ, "ಏನವ್ವಾ, ಹೆಂಗಸಾಗಿ ಇದನ್ನೆಲ್ಲಾ ಬರೀತೀಯಾ?" ಎಂದ. ಒಂಬತ್ತನೆಯ ಸರದಿಯ ಹೊತ್ತಿಗೆ ಅವನೇ, "ಈಗೇನ್ ಎಸೀತಾನೆ ಹೇಳವ್ವಾ" ಎಂದು ನನ್ನನ್ನು ಕೇಳುತ್ತಿದ್ದ.

ಹಾಲ್ಕಂಬ್ ಟೋಪಿ ಮುಟ್ಟಿದ್ದು ನನಗೆ ಕಂಡಿತು. ನೀನು ಮುಖವಾಡ ತಟ್ಟಿದ್ದೂ ಕಂಡಿತು. ಆ ಬೆಂಚಿನ ಮುನ್ನೂರು ಜನರಲ್ಲಿ ಅದರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಚೆಂಡು ಹೊರಟಾಗ ಹಾಲ್ಕಂಬ್ ಟೋಪಿ ಕಿತ್ತು ನೆಲಕ್ಕೆ ಬಡಿದ. ಅಂಪೈರ್ ಕೈ ಎತ್ತಿದ ಮೇಲೆ ಮೆಲ್ಲಗೆ ಬಗ್ಗಿ ಎತ್ತಿಕೊಂಡು ಧೂಳು ಕೊಡವಿದ. ಇದನ್ನು ನೀನು ನೋಡಿರಲಾರೆ, ಅದಕ್ಕೆ ಬರೆದೆ. ಆಮೇಲೆ ನಾನೂ ಮಿಸೆಸ್ ಟಿಬ್ಸೂ ತಬ್ಬಿಕೊಂಡು ಕುಣಿದೆವು. ಇಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ ತಮ್ಮಾ. ಆರು ಗಂಟೆಯ ಬಸ್ಸು ತಪ್ಪಿದರೆ ಭಾನುವಾರದ ಚರ್ಚೂ ತಪ್ಪುತ್ತಿತ್ತು, ಅದಕ್ಕೆ ನಿನ್ನನ್ನು ಕಾಣದೆ ಓಡಿದೆ.

ಆ ಹುಲ್ಲಿನ ಟೋಪಿಯವರಿಗೆ ಹೇಳು, ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನೋಡಬೇಕಾದರೆ ಬೆಸೆಮರಿಗೆ ಬರಲಿ. ಕಾಫಿ ಕೊಡುತ್ತೇನೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಮುಂಬಾಗಿಲಿನಿಂದಲೇ ಬರುವುದು.

ಖಾಲಿ ಉಳಿದಿದ್ದ ಹೊಸ ಪುಸ್ತಕದ ಮೊದಲ ಪುಟ ತುಂಬಿತು. ನಿನ್ನ ಹೆಸರಿನ ಮುಂದೆ ಎರಡು ಎಂದು ಬರೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು, ಅಷ್ಟು ಒತ್ತಿದ್ದೆ. ಅಪ್ಪ ಆ ಪುಟವನ್ನು ತನ್ನ ಸೊಟ್ಟ ಬೆರಳಿನಿಂದ ಸವರುತ್ತಾ ಕೂತಿದ್ದಾನೆ, ವಾಪಸು ಕೊಡುತ್ತಿಲ್ಲ.

ನೀನು ಹೇಳಿದ ಹಾಗೇ ಆ ಬೆಂಚಿನಲ್ಲಿ ನೆರಳಿಲ್ಲ. ಐದು ಗಂಟೆಯ ಹೊತ್ತಿಗೆ ಸೂರ್ಯ ನೇರ ನನ್ನ ಕಣ್ಣಿಗೇ ಹೊಡೆಯುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮಿಸೆಸ್ ಟಿಬ್ಸ್ ತಮ್ಮ ಟೋಪಿ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಅಷ್ಟು ದೂರದಲ್ಲಿ, ಅದೇ ಸೂರ್ಯನಿಗೆ ಬೆನ್ನು ಹಾಕಿ ನೀನು ಕೂತಿದ್ದೆ.

ನಿನ್ನ ಅಕ್ಕ,
ವರ್ನಿ